ಗಂಜಿ ಅಂಟಿನ ಆಟೀನ್ ರಾಣಿ

"ಯೇ ಕುಶಲ್ ಕಾ ಕಾಮ್ ನಹೀಂ ಹೈ, ಆಂಟಿ," ಎಂದು ಜಯೇಶ್ ಇಸ್ಪೀಟಿನ ಎಲೆಯನ್ನು ಮೇಜಿನ ಮೇಲಿಟ್ಟ.

ಸುಗುಣಾ ಎಲೆಯನ್ನು ತನ್ನ ಕಡೆ ಎಳೆದುಕೊಂಡಳು. ಇದು ಕುಶಲನ ಕೈಕೆಲಸ ಅಲ್ಲವೆಂದಾದರೆ, ಅವನು ಬದುಕಿದ್ದಾನೆ ಎಂದು ಹೇಳಲು ಇನ್ನೇನೂ ಉಳಿಯುವುದಿಲ್ಲ.

ಲೋಣಾವಳದ ರೆಸಾರ್ಟಿನಲ್ಲಿ ಜಾದೂ ತೋರಿಸಲು ಹೊರಟ ಹುಡುಗ ಎಂಟು ತಿಂಗಳಾದರೂ ಐರೋಲಿಯ ಮನೆಗೆ ಮರಳಿಲ್ಲ. ಮರಳುತ್ತಿದ್ದುದು ತಿಂಗಳಿಗೊಂದು ಲಕೋಟೆ. ಅದರೊಳಗೆ ಒಂದೇ ಒಂದು ಎಲೆ. ಒಂದು ಬದಿಗೆ ಆಟೀನ್ ರಾಣಿ, ಬೆನ್ನಿರಬೇಕಾದ ಇನ್ನೊಂದು ಬದಿಗೆ ಬೇರೊಂದು ಎಲೆಯ ಮುಖ. ಕಾಗದವಿಲ್ಲ, ಒಕ್ಕಣೆಯಿಲ್ಲ. ಲಕೋಟೆಯ ಮೇಲೆ ವಿಳಾಸ ಮಾತ್ರ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ. ಅದನ್ನು ಕಂಡ ದಿನ ಅವನ ತಾಯಿ ನಳಿನಾಕ್ಷಿ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಳು.

"ಹೇಗೆ ಹೇಳ್ತಿ ನೀನು?" ಸುಗುಣಾ ಕೇಳಿದಳು.

"ಕೋನಾ ನೋಡಿ. ಹರಿದಿದೆ. ಕುಶಲ್ ಹೀಗೆ ಹರೀತಾನಾ? ಒಂದೊಂದು ಎಲೆಗೂ ಪೂರಾ ದಿನ್ ಬೈಠ್ತಾ ಥಾ."

ಜಯೇಶನ ಕನ್ನಡ ಅಷ್ಟಕ್ಕಷ್ಟೆ. ಅಪ್ಪ ಕಾಪುವಿನವ, ಅಮ್ಮ ಸಾತಾರದವಳು, ಹುಟ್ಟಿದ್ದು ಡೊಂಬಿವಲಿಯಲ್ಲಿ. ಎರಡು ವಾಕ್ಯ ಕನ್ನಡ ಆಡಿದರೆ ಮೂರನೆಯದಕ್ಕೆ ಹಿಂದಿಯ ಹೆಗಲು ಬೇಕು. ಕುಶಲನೂ ಅವನೂ ಸೇರಿ ಠಾಣೆ, ಕಲ್ಯಾಣದ ಹುಟ್ಟುಹಬ್ಬಗಳಲ್ಲಿ ಜಾದೂ ತೋರಿಸುತ್ತಿದ್ದರು. ಕುಶಲ ಲೋಣಾವಳಕ್ಕೆ ಹೋಗುವ ವಾರ ಇಬ್ಬರಿಗೂ ಜಗಳವಾಗಿತ್ತು. ತಮ್ಮ ಆಟದ ಗುಟ್ಟನ್ನು ಜಯೇಶ್ ಹೊರಗಿನವರಿಗೆ ಹೇಳಿಕೊಟ್ಟ ಎಂಬುದು ಕುಶಲನ ಸಿಟ್ಟು. ಲಕೋಟೆಗಳಲ್ಲಿ ಕೆಲವಕ್ಕೆ ಜಯೇಶನ ಮನೆಗೆ ಹತ್ತಿರದ ಕಲ್ಯಾಣದ ಅಂಚೆ ಮುದ್ರೆ ಬೇರೆ ಇತ್ತು. ಪೊಲೀಸರು ಹುಡುಗನನ್ನು ಮತ್ತೆ ಮತ್ತೆ ಕರೆಸಿ ಕೂರಿಸಿದ್ದರು. ನಿಜ ಹೇಳಬೇಕೆಂದರೆ ಸುಗುಣಾ ಕೂಡ ಅರ್ಧ ಅನುಮಾನ ಹೊತ್ತುಕೊಂಡೇ ಅವನ ಮನೆಯ ಮೆಟ್ಟಿಲು ಹತ್ತಿದ್ದಳು.

"ಕುಶಲ ಮಾಡಿದ್ದು ಒಂದಾದರೂ ಉಂಟಾ ನಿನ್ನತ್ರ?"

ಅವನು ಕಪಾಟಿನಿಂದ ಒಂದು ಸಿಗರೇಟು ಡಬ್ಬಿ ತಂದ. ಒಳಗೆ ಹತ್ತಿಯ ಮೇಲೆ ಮಲಗಿಸಿದ ಒಂದು ಎಲೆ. ಎರಡೂ ಕಡೆ ಮುಖ.

ಸುಗುಣಾ ಕಣ್ಣಿಗಿಂತ ಮೊದಲು ಹೆಬ್ಬೆರಳನ್ನು ಓಡಿಸಿದಳು. ರೈಲ್ವೆಯಲ್ಲಿ ಟೀಸಿಯಾಗಿ ಕಲ್ಯಾಣ ಲೈನಿನಲ್ಲೇ ಕೂದಲು ನರೆಸಿಕೊಂಡವಳು ಅವಳು. ಪಾಸಿನ ಗುರುತಿನ ಚೀಟಿಯಲ್ಲಿ ಒಬ್ಬನ ಫೋಟೋ ಕಿತ್ತು ಇನ್ನೊಬ್ಬನದು ಅಂಟಿಸಿದರೆ ಅಂಚು ಹೆಬ್ಬೆರಳಿಗೆ ಕಚ್ಚುತ್ತಿತ್ತು. ನಿವೃತ್ತಿಯ ನಂತರ ತನ್ನ ಊರ ಕಡೆಯ ಜನರ ಮದುವೆ ಸಂಬಂಧಗಳ ವಿಚಾರಣೆ, ಬಾಡಿಗೆದಾರರ ವಿಚಾರಣೆ ಎಂದು ತಿರುಗುತ್ತಿದ್ದವಳನ್ನು ಈ ಪ್ರಕರಣಕ್ಕೆ ಎಳೆದು ತಂದದ್ದು ಭಜನಾ ಮಂಡಳಿಯ ಗೆಳತಿ ನಳಿನಾಕ್ಷಿ.

ಕುಶಲನ ಎಲೆಯ ಅಂಚು ಹೆಬ್ಬೆರಳಿಗೆ ಏನನ್ನೂ ಹೇಳಲಿಲ್ಲ. ಅಷ್ಟು ನಯ. ಅಂಚೆಯಲ್ಲಿ ಬಂದದ್ದರ ಅಂಚು ದಪ್ಪ, ನಡುನಡುವೆ ಉಬ್ಬು.

"ಹೇಗೆ ಮಾಡ್ತೀರಿ ಇದನ್ನು?"

"ಸಿಂಪಲ್, ಆಂಟಿ. ಅಂಗಡಿಯಲ್ಲಿ ಇಂಥದ್ದು ಫಾರಿನ್ ಮಾಲು. ನಮಗೆ ಎಲ್ಲಿ ಆಗ್ತದೆ? ಅದಕ್ಕೆ ಮನೆಯಲ್ಲೇ." ಸುಗುಣಾ ಬಂದಾಗಿನಿಂದ ಮೊದಲ ಬಾರಿಗೆ ಜಯೇಶನ ಮುಖದಲ್ಲಿ ಕಳೆ ಬಂತು, ಕನ್ನಡವೂ ತಡೆಯಿಲ್ಲದೆ ಹರಿಯಿತು. "ಎಲೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಹಾಕಿ ಬಿಡುದು. ಆಮೇಲೆ ಮೂಲೆಯಿಂದ ಹಿಡಿದು ಸುಲೀಬೇಕು. ಮುಖ ಬೇರೆ, ಬೆನ್ನು ಬೇರೆ. ಎರಡು ಮುಖ ಸೇರಿಸಿ ಅಂಟಿಸಿದ್ರೆ ಆಯ್ತು. ಅಂಚಿಗೆ ಪಾಲಿಶ್ ಪೇಪರ್. ಕುಶಲ್ ಅಂಟಿಗೆ ಪಂಚರ್ ಅಂಗಡಿಯ ಸೊಲ್ಯೂಷನ್ ಬಿಟ್ಟು ಬೇರೇನೂ ಮುಟ್ತಿರ್ಲಿಲ್ಲ."

"ಇದನ್ನು ಬಿಡಿಸು," ಎಂದಳು ಸುಗುಣಾ.

ಎಲೆಗಳನ್ನು ಕೊಡುವಾಗ ನಳಿನಾಕ್ಷಿ ಎಳೆಗೂಸನ್ನು ಕೊಟ್ಟಂತೆ ಕೊಟ್ಟಿದ್ದಳು. ಮೂಲೆ ಹರಿದ ಈ ಎಲೆ ಎಲ್ಲಕ್ಕಿಂತ ಮೊದಲು ಬಂದದ್ದು. ಹೇಗೂ ಗಾಯವಾದದ್ದು, ಇನ್ನೊಂದಿಷ್ಟು ಆದರೆ ಆಗಲಿ ಎಂದು ಸುಗುಣಾ ಮನಸ್ಸನ್ನು ಗಟ್ಟಿ ಮಾಡಿಕೊಂಡಳು.

ಜಯೇಶ್ ಮೊದಲು ಕುಶಲನ ಎಲೆಯ ಮೂಲೆಗೆ ಬ್ಲೇಡ್ ಹಾಕಿದ. ಪದರಗಳ ನಡುವೆ ಜೇಡನ ಬಲೆಯಂತೆ ನೂಲು ಎಳೆಯಿತು. ಪೆಟ್ರೋಲಿನ ಹಳೆಯ ವಾಸನೆ ಸಣ್ಣಗೆ ಬಂತು. ಆಮೇಲೆ ಅಂಚೆಯ ಎಲೆಯನ್ನು ಚಹಾದ ಪಾತ್ರೆಯ ಆವಿಗೆ ಹಿಡಿದ. ಅದು ನೂಲು ಎಳೆಯಲಿಲ್ಲ. ಬಿಳಿ ಅಂಟು ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ನಡುನಡುವೆ ಕೆಂಪು ಚುಕ್ಕೆ.

"ಯೇ ಲಾಲ್ ಲಾಲ್ ಕ್ಯಾ ಹೈ?" ಅವನು ಕಣ್ಣು ಕಿರಿದು ಮಾಡಿದ.

ಸುಗುಣಾ ಚಕ್ಕೆಯೊಂದನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡಿದಳು. ನಾಲಗೆಗೆ ಹಚ್ಚಿದಳು. ಊರಿನಲ್ಲಿ ಗಾಳಿಪಟಕ್ಕೆ, ಶಾಲೆಪುಸ್ತಕದ ರಟ್ಟಿಗೆ ಇದನ್ನೇ ಬಳಿದು ಬೆಳೆದವಳಿಗೆ ಇನ್ನು ಬೇರೆ ಪರೀಕ್ಷೆ ಬೇಕಿರಲಿಲ್ಲ. ಅದು ಗಂಜಿ. ಕೆಂಪು ಚುಕ್ಕೆ ಕುಚ್ಚಲಕ್ಕಿಯ ತೌಡು.

"ನಿಮ್ಮ ಮನೆಯಲ್ಲಿ ಯಾವ ಅಕ್ಕಿ ಬೇಯಿಸ್ತಾರೆ?"

"ಕೋಲಂ, ಬಿಳಿ ಅಕ್ಕಿ. ಆಯೀಗೆ ಆ ಮೋಟಾ ಚಾವಲ್ ಆಗುದಿಲ್ಲ."

ಹುಡುಗನ ಮೇಲಿನ ಅರ್ಧ ಅನುಮಾನ ಅಲ್ಲಿಗೆ ಕರಗಿತು. ಅದರ ಜಾಗಕ್ಕೆ ಬಂದು ಕೂತದ್ದು ಮಾತ್ರ ಅದಕ್ಕಿಂತ ಭಾರವಾಗಿತ್ತು.

"ಆಂಟಿ," ಬಾಗಿಲವರೆಗೆ ಬಂದ ಜಯೇಶ್ ಮೆಲ್ಲಗೆ ಕೇಳಿದ. "ಕುಶಲ್ ಜಿಂದಾ ಹೈ ನಾ?"

ಅವಳು ಅವನ ಹೆಗಲು ತಟ್ಟಿ ಇಳಿದುಹೋದಳು.

ಠಾಣೆಯಲ್ಲಿ ಗಾಡಿ ಬದಲಿಸಿ, ಘಣಸೋಲಿಯಲ್ಲಿಳಿದು, ರಿಕ್ಷಾ ಹಿಡಿದು ಸುಗುಣಾ ಮಹಾಪೆಗೆ ಬಂದಾಗ ಕುಶಲನ ಅಪ್ಪ ಬೂಬ ಪೂಜಾರಿಯ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಬೂಬ ತಾನೇ ಬಟ್ಟೆ ಹಿಡಿದು ಮೇಜು ಒರೆಸುತ್ತಿದ್ದ. ಒಂದು ಕಾಲದಲ್ಲಿ ಗಲ್ಲಾಪೆಟ್ಟಿಗೆಯಿಂದ ಅಡುಗೆಮನೆಗೆ ಅವನ ದನಿ ಕೇಳಿದರೆ ಒಲೆ ಬೆಂಕಿ ಕೂಡ ನೆಟ್ಟಗೆ ಉರಿಯುತ್ತಿತ್ತಂತೆ. ಈಗ ಕತ್ತಿನ ಎಲುಬು ಎದ್ದು ಕಾಣುತ್ತಿತ್ತು.

"ಬನ್ನಿ ಸುಗುಣಕ್ಕ. ಊಟ ಆಯ್ತಾ?"

"ಊಟ ಬೇಡ ಬೂಬಣ್ಣ. ಒಂದು ಲೋಟ ಗಂಜಿ ಸಿಗ್ತದಾ? ಕುಚ್ಚಲಕ್ಕಿದ್ದು."

"ಇಲ್ಲಿ ಎಲ್ಲ ಬಿಳಿ ಬೆಳ್ತಿಗೆ ಅಕ್ಕಿ ಅಲ್ವಾ. ಈ ಕಂಪನಿಯವರಿಗೆ ಕುಚ್ಚಲಕ್ಕಿ ಹಾಕಿದ್ರೆ ತಟ್ಟೆ ದೂಡಿ ಎದ್ದು ಹೋದಾರು. ಅದು ಮನೆಗೆ ಮಾತ್ರ."

"ನಾನೂ ಹಾಗೇ ಅಂದಾಜು ಮಾಡಿದೆ. ಮನೆಗೆ ಮಾತ್ರ."

ಸುಗುಣಾ ಕೈಚೀಲದಿಂದ ಎಲೆ ತೆಗೆದು, ಬಿಡಿಸಿದ ಮೂಲೆ ಅವನಿಗೆ ಕಾಣುವಂತೆ ಮೇಜಿನ ಮೇಲಿಟ್ಟಳು.

ಬೂಬ ಅದನ್ನು ನೋಡಿದ. ಒರೆಸಿದ ಜಾಗವನ್ನೇ ಮತ್ತೊಮ್ಮೆ ಒರೆಸಿದ.

"ನನಗೆಂತ ಗೊತ್ತು ಅಕ್ಕ? ಅಂಟಿಸುದು ಗಿಂಟಿಸುದು ನನಗೆ ಬರುದಿಲ್ಲ."

ಅಂಟಿಸುವ ಸುದ್ದಿಯನ್ನು ಅವಳಿನ್ನೂ ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಮನುಷ್ಯನನ್ನು ಕಂಡು ಬೇರೆ ದಿನವಾಗಿದ್ದರೆ ಸುಗುಣಾ ನಗುತ್ತಿದ್ದಳೇನೋ.

"ಬೂಬಣ್ಣ, ನೀವು ಸಾಮಾನಿಗೆ ಎಲ್ಲಿಗೆಲ್ಲ ಹೋಗ್ತೀರಿ?"

"ತರಕಾರಿಗೆ ಕಲ್ಯಾಣ. ಪಾತ್ರೆ ಗೀತ್ರೆಗೆ ಠಾಣೆ. ಕಾಮೋಠೆಯಲ್ಲಿ ಅಳಿಯ ಇದ್ದಾನೆ, ಹಪ್ಪಳ ಅವನದ್ದು."

"ಲಕೋಟೆಯ ಮುದ್ರೆಗಳೂ ಆ ಮೂರೇ ಊರಿನವು. ನಾಲ್ಕನೆಯದು ಇಲ್ಲ."

ಬೂಬ ಬೆಂಚಿನ ಮೇಲೆ ಕುಸಿದು ಕೂತ. ಬಟ್ಟೆ ಕೈಯಲ್ಲೇ ಇತ್ತು. ಅದರಲ್ಲೇ ಮುಖ ಒರೆಸಿಕೊಂಡ. ಎಂಜಲು ಬಟ್ಟೆ ಎಂಬುದೂ ಅವನಿಗೆ ತೋಚಿದಂತಿರಲಿಲ್ಲ.

"ಅವಳಿಗೆ ಹೇಳಿದ್ರಾ?"

"ಇನ್ನೂ ಇಲ್ಲ."

"ನಾನೇ ಮಾಡಿದ್ದು ಅಕ್ಕ. ಎಲ್ಲ ನಾನೇ ಮಾಡಿದ್ದು."

ಹೇಳುವಾಗ ಅವನು ಅತ್ತ. ಗಂಡಸರು ಅಳಬಾರದು ಎಂದು ಮಗನಿಗೆ ಬುದ್ಧಿ ಹೇಳಿದ್ದ ಮನುಷ್ಯ, ಖಾಲಿ ಕ್ಯಾಂಟೀನಿನಲ್ಲಿ ಬಾಯಿ ತೆರೆದು ಅತ್ತ. ಸುಗುಣಾ ಗೋಡೆಯ ಕಡೆ ತಿರುಗಿ ಕೂತು ಕಾದಳು.

"ಅವ ಹೋಗಿ ಒಂದು ತಿಂಗಳಾಗಿತ್ತು. ಇವಳು ಅನ್ನ ಬಿಟ್ಟಳು. ನೀರು ಕುಡಿದ್ರೂ ಕಕ್ಕುದು. ಡಾಕ್ಟರು ಸಲೈನ್ ಹಾಕಿ ನನ್ನನ್ನು ಹೊರಗೆ ಕರೆದು, ಹೀಗಾದ್ರೆ ಕಷ್ಟ ಅಂದ್ರು. ಆಗ ನನಗೆ ತಲೆಗೆ ಹೊಳೆದದ್ದು. ಅವ ಅಮ್ಮನಿಗೆ ಯಾವಾಗ್ಲೂ ಆಟೀನ್ ರಾಣಿಯನ್ನೇ ತೆಗೆದು ಕೊಡ್ತಿದ್ದ. ಎಷ್ಟು ಕಲೆಸಿದ್ರೂ ಅವಳ ಕೈಗೆ ಅದೇ. ಅವಳು ಮಗುವಿನ ಹಾಗೆ ನಗ್ತಿದ್ದಳು."

"ಅದಕ್ಕೆ ಮೊದಲು ನೀವು ಎಲೆ ಮಾಡಿದ್ದುಂಟಾ?"

"ನಾನಾ? ಮುಟ್ಟಿದವನೇ ಅಲ್ಲ. ಇಸ್ಪೀಟು ಮುಟ್ಟಿದವ ಉದ್ಧಾರ ಆಗುದಿಲ್ಲ ಅಂತ ಅವನು ಮಾಡಿಟ್ಟ ಒಂದು ಕಟ್ಟು ಒಲೆಗೆ ಹಾಕಿದ್ದೆ. ಇದೇ ಕೈಯಲ್ಲಿ." ಬೂಬ ಅಂಗೈಗಳನ್ನು ನೋಡಿಕೊಂಡ. "ಅವ ಏನೂ ಹೇಳಲಿಲ್ಲ ಅಕ್ಕ. ಮಾರನೇ ದಿನ ಹೊಸ ಕಟ್ಟು ತಂದು ಮತ್ತೆ ನೀರಿಗೆ ಹಾಕಿದ. ನಾನು ದೂರದಿಂದ ನೋಡ್ತಿದ್ದೆ. ಹಾಗೆ ನೋಡಿ ನೋಡಿ ಗೊತ್ತಾದದ್ದು."

"ಗಂಜಿ ಯಾಕೆ?"

"ಪಂಚರ್ ಅಂಗಡಿಗೆ ಹೋದ್ರೆ ಅವನು ಕೇಳುದಿಲ್ವಾ, ನಿಮಗ್ಯಾಕೆ ಸೊಲ್ಯೂಷನ್ ಅಂತ? ಕುಶಲ ಅಲ್ಲಿಂದಲೇ ತರ್ತಿದ್ದದ್ದು. ಇವಳು ಭಜನೆಗೆ ಹೋದಾಗ ಗಂಜಿ ಬಸಿದು, ಬೇಯಿಸಿ ಗಟ್ಟಿ ಮಾಡಿ ಬಳಿದೆ. ಎಷ್ಟು ಎಲೆ ಹಾಳಾಯ್ತೋ. ಮೊದಲನೆಯದ್ದು ಮೂಲೆ ಹರಿದೇ ಹೋಯ್ತು. ಅವಳು ಅದನ್ನು ನೋಡಿ, ಪಾಪ ಮಗ ಎಲ್ಲೋ ಕತ್ತಲಲ್ಲಿ ಕೂತು ಮಾಡಿರ್ಬೇಕು ಅಂತ ಅತ್ತಳು. ಅತ್ತು, ಆಮೇಲೆ ಊಟ ಮಾಡಿದಳು."

ಸುಳ್ಳು ಹೇಳುವವರ ನಡುವೆಯೇ ಹೊಟ್ಟೆ ಹೊರೆದವಳು ಸುಗುಣಾ. ಪಾಸು ಮರೆತೆ, ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಪರ್ಸು ಹೊಡೆದರು ಎಂದು ಪ್ಲಾಟ್‌ಫಾರಮ್ಮಿನಲ್ಲಿ ದಿನಾ ಕೇಳಿದ ಅಳು ಕಿವಿಯಲ್ಲಿ ಜಡ್ಡುಗಟ್ಟಿತ್ತು. ಆದರೂ ಈ ಅಳು ಅವಳನ್ನು ಒಳಗಿಂದ ಹಿಂಡಿತು.

"ಒಂದೇ ಒಂದು ಕೇಳ್ತೇನೆ, ಬೂಬಣ್ಣ. ಕುಶಲ ಎಲ್ಲಿದ್ದಾನೆ ಅಂತ ನಿಮಗೆ ಗೊತ್ತುಂಟಾ?"

"ಗೊತ್ತಿದ್ರೆ ನಾನು ಹೀಗೆ ಗಂಜಿ ಬಳಿತಾ ಕೂತ್ಕೊಳ್ತಿದ್ದೆನಾ?"

ಅವಳು ನಂಬಿದಳು. ನಂಬದೆ ಇರಲು ಕಾರಣವಿರಲಿಲ್ಲ.

"ಅವಳಿಗೆ ಹೇಳ್ಬೇಡಿ ಅಕ್ಕ. ನಿಮ್ಮ ಕಾಲು ಹಿಡಿತೇನೆ. ಇದೊಂದು ಇಲ್ಲದಿದ್ರೆ ಅವಳು ಉಳಿಯುದಿಲ್ಲ."

"ಹೇಳುದಿಲ್ಲ," ಎಂದಳು ಸುಗುಣಾ. ಮಾತು ಕೊಟ್ಟ ಮೇಲೆ ಎದೆ ಒಂದಿಷ್ಟು ಹಗುರವಾಯಿತು. ಪ್ರಕರಣ ಇನ್ನೂ ಕಗ್ಗಂಟಾಗಿಯೇ ಇತ್ತು, ಹುಡುಗ ಸಿಕ್ಕಿರಲಿಲ್ಲ, ಆದರೆ ಒಂದು ಮನೆಯ ಮರ್ಯಾದೆಯನ್ನು ಕಾಪಾಡಿದೆ ಎಂಬ ಸಮಾಧಾನವಾದರೂ ದಕ್ಕಿತು.

ಐರೋಲಿಯ ಮನೆಯಲ್ಲಿ ನಳಿನಾಕ್ಷಿ ಬಾಗಿಲು ತೆರೆದುಕೊಂಡೇ ಕಾದಿದ್ದಳು. ಬಾಲ್ಕನಿಯಾಚೆ ಹಿನ್ನೀರ ಖಾಡಿಯ ಸೇತುವೆ ಮೇಲೆ ಮುಲುಂಡ್ ಕಡೆಯ ಬಸ್ಸುಗಳು ಸಾಲುಗಟ್ಟಿದ್ದವು. ಹಾಲಿನಲ್ಲಿ ಕುಶಲನ ಷರ್ಟು ಇಸ್ತ್ರಿಯಾಗಿ ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ವಾರವಾರವೂ ಅವಳು ಅದನ್ನು ಒಗೆದು ಇಸ್ತ್ರಿ ಮಾಡುವುದು ಸುಗುಣಾಳಿಗೆ ಗೊತ್ತಿತ್ತು.

ಸುಗುಣಾ ಎಲೆಗಳ ಪೊಟ್ಟಣವನ್ನು ಕೈಗೆ ಕೊಟ್ಟಳು. ನಳಿನಾಕ್ಷಿ ಬಟ್ಟೆ ಬಿಡಿಸಿ, ಮೂಲೆ ಹರಿದ ಎಲೆಯನ್ನೇ ಮೊದಲು ಎತ್ತಿಕೊಂಡಳು. ಬಿಡಿಸಿ ಮತ್ತೆ ಒತ್ತಿದ ಗುರುತು ಅವಳ ಕಣ್ಣು ತಪ್ಪಲಿಲ್ಲ.

"ಒಳಗೆ ನೋಡಿದ್ರಾ?"

"ನೋಡಿದೆ. ಬೇಜಾರು ಮಾಡ್ಕೊಳ್ಬೇಡಿ ನಳಿನಕ್ಕ."

"ಬೇಜಾರು ಎಂತದ್ದು. ನೋಡ್ಲಿ ಅಂತಲೇ ಕೊಟ್ಟದ್ದು ನಾನು." ನಳಿನಾಕ್ಷಿ ಎಲೆಯಿಂದ ಕಣ್ಣೆತ್ತಲಿಲ್ಲ. "ಗಂಜಿಯಾ, ಸೊಲ್ಯೂಷನ್ನಾ?"

ಇಂಥ ಪ್ರಶ್ನೆ ಬರಬಹುದೆಂದು ಸುಗುಣಾ ಕನಸಿನಲ್ಲೂ ಎಣಿಸಿರಲಿಲ್ಲ. ಎಲೆಯ ಅಂಟಿನ ಬಗ್ಗೆ ಈ ಹೆಂಗಸಿಗೇನು ಗೊತ್ತು? ಗಂಡನ ಮೇಲೆ ಸಂಶಯ ಬಂದಿರಬೇಕು. ಬಡಪಾಯಿ ಬೂಬನ ಎಂಜಲು ಬಟ್ಟೆ, ಬಾಯಿ ತೆರೆದ ಅಳು ಕಣ್ಣ ಮುಂದೆ ಬಂತು. ನಳಿನಾಕ್ಷಿಯ ಮಣಿಕಟ್ಟಿನಲ್ಲಿ ಬಳೆ ಮೊಣಕೈವರೆಗೆ ಜಾರುವಷ್ಟು ಸಡಿಲವಾಗಿತ್ತು.

"ಸೊಲ್ಯೂಷನ್," ಎಂದಳು ಸುಗುಣಾ.

"ಖಂಡಿತವಾ?"

"ಖಂಡಿತ. ನೂಲು ಎಳೀತು. ಪೆಟ್ರೋಲ್ ವಾಸನೆ ಬಂತು."

ನಳಿನಾಕ್ಷಿ ನಕ್ಕಳು. ಈ ಎಂಟು ತಿಂಗಳಲ್ಲಿ ಸುಗುಣಾ ನೋಡಿರದ ನಗು ಅದು. ನಗುತ್ತಲೇ ಕಣ್ಣಿನಿಂದ ನೀರು ಸುರಿಯಿತು. ಅವಳು ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದಳು, ಮತ್ತೆ ಬಂದು ಸುಗುಣಾಳ ಎರಡೂ ಕೈ ಹಿಡಿದುಕೊಂಡಳು.

"ಹಾಗಾದ್ರೆ ಅವ ಇದ್ದಾನೆ, ಸುಗುಣಕ್ಕ. ನನ್ನ ಮಗ ಇದ್ದಾನೆ. ಬೇಕಂತಲೇ ಎಲ್ಲಿಗೋ ಹೋಗಿದ್ದಾನೆ."

"ಅದು ಹೇಗೆ ಹೇಳ್ತೀರಿ?"

"ಯಾರಿಗೂ ಹೇಳಿರ್ಲಿಲ್ಲ ನಾನು. ಇವರಿಗೂ ಹೇಳಿಲ್ಲ." ನಳಿನಾಕ್ಷಿ ದನಿ ತಗ್ಗಿಸಿದಳು. "ಅವ ಲೋಣಾವಳಕ್ಕೆ ಹೋದ ಮಾರನೇ ಬೆಳಿಗ್ಗೆ ಚಟ್ನಿಗೆ ಅಂತ ಅರೆಯುವ ಕಲ್ಲು ಹುಡುಕಿದ್ರೆ ಜಾಗದಲ್ಲಿ ಇಲ್ಲ. ಬಾಲ್ಕನಿಯಲ್ಲಿ, ಹಲಗೆಯ ಮೇಲೆ ಯಾರೋ ಇಟ್ಟಿದ್ರು. ಎತ್ತಿದೆ. ಅಡಿಯಲ್ಲಿ ಪೇಪರಿನ ಮಡಿಕೆಯಲ್ಲಿ ಈ ಎಲೆ. ಇದೇ ಎಲೆ, ಸುಗುಣಕ್ಕ. ಅಂಟಿಸಿ ಆಗಿತ್ತು. ಈ ಕಡೆ ರಾಣಿ, ಆ ಕಡೆ ಕಳಾವರ್ ಗುಲಾಮ, ಇದೇ ಹರಿದ ಮೂಲೆ. ಕುಶಲ ಒಣಗಲಿಕ್ಕೆ ಇಟ್ಟು ಹೋಗಿದ್ದಾನೆ, ಕೆಡಿಸಿದ್ರೆ ಬಂದು ಬೈತಾನೆ ಅಂತ ಕಲ್ಲನ್ನು ಹಾಗೇ ಮೆಲ್ಲ ವಾಪಸ್ ಇಟ್ಟೆ. ಆವತ್ತು ಸಂಜೆ ಅವನೇ ಫೋನ್ ಮಾಡಿದ. ಅಮ್ಮ, ಆಟ ಚೆನ್ನಾಗಿ ಆಯ್ತು ಅಂದ. ಅದೇ ಕೊನೆ."

ಸುಗುಣಾ ಬಾಲ್ಕನಿಯ ಹಲಗೆಯ ಕಡೆ ತಿರುಗಿ ನೋಡಿದಳು.

"ಒಂದು ತಿಂಗಳ ಮೇಲೆ ಅದೇ ಎಲೆ ಪೋಸ್ಟಲ್ಲಿ ಬಂತು. ನೋಡಿದ ಕೂಡ್ಲೇ ಗುರುತು ಸಿಕ್ಕಿತು ನನಗೆ. ಸೊಲ್ಯೂಷನ್ ಆದ್ರೆ ಕುಶಲನೇ ಮಾಡಿಟ್ಟು, ಆಮೇಲೆ ಬಂದು ತಗೊಂಡು ಹೋಗಿ ಕಳಿಸಿದ್ದು. ನಾನು ಭಜನೆಯಿಂದ ಬಂದಾಗ ಪಾತ್ರೆಯ ತಳದಲ್ಲಿ ಗಟ್ಟಿ ಗಂಜಿ ಕಂಡದ್ದುಂಟು. ಇದು ಗಂಜಿ ಆದ್ರೆ..." ನಳಿನಾಕ್ಷಿ ತಲೆ ಕೊಡವಿದಳು. "ಬೇಡ ಬಿಡಿ. ಪಾಪ, ಎಂಥ ಕೆಟ್ಟ ಯೋಚನೆ ಮಾಡಿದೆ ನಾನು. ಒಟ್ಟಿಗೆ ಕೂತು ಉಣ್ಣುವ ಮನುಷ್ಯನ ಮೇಲೆ."

ಕ್ಯಾಂಟೀನಿನ ಬೆಂಚಿನ ಮೇಲೆ ಅತ್ತ ಬೂಬ, ತಿಂಗಳು ಕಳೆದ ಮೇಲೆ ಮೊದಲ ಎಲೆ ಮಾಡಿದೆ ಎಂದಿದ್ದ. ಅದಕ್ಕೆ ಮೊದಲು ಎಲೆ ಮುಟ್ಟಿದವನೇ ಅಲ್ಲ ಎಂದಿದ್ದ. ಮಗ ಇನ್ನೂ ಫೋನಿನಲ್ಲಿ ನಗುತ್ತಿದ್ದ ದಿನವೇ, ಅವನು ಬಾರದೆ ಇದ್ದಾಗ ಕಳಿಸಬೇಕಾದ ಎಲೆ ಈ ಬಾಲ್ಕನಿಯಲ್ಲಿ ಕಲ್ಲಿನಡಿ ಒಣಗುತ್ತಿತ್ತು. ಮಗನನ್ನು ಎಲ್ಲೋ ಅಡಗಿಸಿಟ್ಟ ಅಪ್ಪನೂ ಹಾಗೆ ಮಾಡಿಯಾನು. ಮಗ ಮರಳುವುದೇ ಇಲ್ಲ ಎಂದು ಗೊತ್ತಿದ್ದ ಅಪ್ಪನೂ ಹಾಗೆಯೇ ಮಾಡಿಯಾನು. ಎರಡರಲ್ಲಿ ಯಾವುದು ಎಂದು ಕೇಳುವ ಬಾಯಿಯನ್ನು ಸುಗುಣಾ ಒಂದು ಸುಳ್ಳಿನಿಂದ ತಾನೇ ಮುಚ್ಚಿದ್ದಳು.

"ನಳಿನಕ್ಕ, ಒಂದು ನಿಮಿಷ ಕೂತ್ಕೊಳ್ಳಿ. ನಾನು ಹೇಳಿದ್ದು..."

ನಳಿನಾಕ್ಷಿಗೆ ಕೇಳುವ ವ್ಯವಧಾನವಿರಲಿಲ್ಲ. ಮೊಬೈಲು ಆಗಲೇ ಕಿವಿಯಲ್ಲಿತ್ತು.

"ಇವರಿಗೆ ಹೇಳ್ಬೇಕು ಮೊದಲು. ಎಷ್ಟು ಸೊರಗಿದ್ದಾರೆ ಅವರೂ."

ಸುಗುಣಾ ಕೈ ಚಾಚುವಷ್ಟರಲ್ಲಿ ಆ ಕಡೆ ಫೋನು ಎತ್ತಿಯಾಗಿತ್ತು. ನಳಿನಾಕ್ಷಿ ಒಂದೇ ಉಸಿರಿಗೆ ತುಳುವಿನಲ್ಲಿ ಎಲ್ಲವನ್ನೂ ಹೇಳಿದಳು. ಕಲ್ಲು ಎತ್ತಿದ್ದು, ಎಲೆ ನೋಡಿದ್ದು, ಇಷ್ಟು ದಿನ ಮುಚ್ಚಿಟ್ಟದ್ದು, ಅದು ಸೊಲ್ಯೂಷನ್ ಎಂದು ಸುಗುಣಕ್ಕ ನೋಡಿ ಬಂದದ್ದು. ಹೇಳಿ ಮುಗಿಸಿ, ಅವನ ಸಂತೋಷಕ್ಕೆ ಕಾದಳು.

ಆಮೇಲೆ ಮೊಬೈಲನ್ನು ಸುಗುಣಾಳ ಕಡೆ ಚಾಚಿದಳು.

"ನಿಮ್ಮತ್ರ ಮಾತಾಡ್ಬೇಕಂತೆ. ಖುಷಿಯಲ್ಲಿ ದನಿಯೇ ಹೊರಡುದಿಲ್ಲ ಅವರಿಗೆ."

ಸುಗುಣಾ ಫೋನನ್ನು ಕಿವಿಗೆ ಒತ್ತಿಕೊಂಡು ಬಾಲ್ಕನಿಗೆ ನಡೆದಳು. ಬೂಬನ ದನಿ ಹೊರಟಿತು. ಮಧ್ಯಾಹ್ನದ ಅಳು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ.

"ಸೊಲ್ಯೂಷನ್ ಅಂತಲೇ ಇರ್ಲಿ, ಸುಗುಣಕ್ಕ. ಗಂಜಿ ಅಂತ ಅವಳಿಗೆ ಗೊತ್ತಾದ್ರೆ ಅವಳು ಪೊಲೀಸರಿಗೆ ಹೇಳ್ತಾಳೆ. ಪೊಲೀಸರಿಗೆ ಗೊತ್ತಾದ ದಿನ ನನ್ನ ಮಗನನ್ನು ಹಿಡಿದಿಟ್ಟವರು ಅವನನ್ನು ಉಳಿಸುದಿಲ್ಲ."

"ಯಾರು, ಬೂಬಣ್ಣ? ಯಾರು ಉಳಿಸುದಿಲ್ಲ?"

ಫೋನು ಇಟ್ಟಾಗಿತ್ತು. ಒಳಗೆ ನಳಿನಾಕ್ಷಿ ಮೂವರ ಊಟಕ್ಕೆ ಅಕ್ಕಿ ಅಳೆಯುತ್ತಾ, ಇವತ್ತು ಉಂಡೇ ಹೋಗಬೇಕು ಸುಗುಣಕ್ಕ ಎಂದು ಕೂಗಿ ಹೇಳುತ್ತಿದ್ದಳು.